ಎಲ್ಲರೂ ಮೊದಲೇ ಸತ್ತಿದ್ದರಾ? ‘ಲಾಸ್ಟ್’ ಕೊನೆ ಕಂತಿನ ಹಳೇ ಜಗಳ

“ಅದರಲ್ಲಿ ಎಲ್ಲರೂ ಮೊದಲೇ ಸತ್ತಿರ್ತಾರಂತಲ್ಲ, ಇನ್ನೇನು ನೋಡೋದು?” ಅಂದ ಅಕ್ಕನ ಮಗ. ಅಮೆರಿಕದ ಟೀವಿ ಸೀರಿಯಲ್ ‘ಲಾಸ್ಟ್’ ಮುಗಿದಾಗ ಅವನು ಎಲ್‌ಕೆಜಿ. ಒಂದು ಕಂತೂ ನೋಡದವನಿಗೂ ಈ ಮಾತು ಗೊತ್ತು. ತಮಾಷೆ ಅಂದ್ರೆ, ಮಾತೇ ತಪ್ಪು.

ಕೊನೆ ಕಂತಿನ ಮೇಲೆ ಸಿಟ್ಟು ಹೊಸದಲ್ಲ. 1968ರಲ್ಲಿ ಬ್ರಿಟನ್ನಿನ ‘ದಿ ಪ್ರಿಸನರ್’ ಬೈಸಿಕೊಂಡಿತು, 2009ರಲ್ಲಿ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಬೈಸಿಕೊಂಡಿತು. ಆದರೆ ನಮ್ಮ ಗುಂಪು ಮಾತು ಬಿಡುವಷ್ಟು ಜಗಳ ಆಡಿದ್ದು ‘ಲಾಸ್ಟ್’ಗೆ ಮಾತ್ರ.

ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನ ಒಂದು ದ್ವೀಪದಲ್ಲಿ ಬಿದ್ದಿದ್ದು 2004ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಬರೀ ಒಗಟು. ಬಿಸಿಲಿನ ದ್ವೀಪದಲ್ಲಿ ಹಿಮಕರಡಿ, ಜನರನ್ನು ಎಳೆದೊಯ್ಯುವ ಕಪ್ಪು ಹೊಗೆ, 4, 8, 15, 16, 23, 42 ಅನ್ನೋ ಸಂಖ್ಯೆಗಳು. ಕಥೆ 2010ಕ್ಕೆ ಮುಗಿಯುತ್ತದೆ ಅಂತ 2007ರಲ್ಲೇ ಹೇಳಿಬಿಟ್ಟರು. ಅಂದರೆ ಉತ್ತರವೆಲ್ಲ ರೆಡಿ ಇದೆ ಅಂತ ನಾವೇ ಅಂದುಕೊಂಡೆವು. 

ಇಲ್ಲಿ ನೋಡುತ್ತಿದ್ದ ರೀತಿಯೂ ಈ ಜಗಳದ ಭಾಗವೇ. ಮೊದಲ ಸೀಸನ್‌ಗಳು ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಿಂದ ಸೀಡಿಯಲ್ಲಿ ಬಂದವು. ಆಮೇಲೆ ಆಫೀಸಿನ ಗೆಳೆಯರ ಹಾರ್ಡ್‌ಡಿಸ್ಕ್. ಕೊನೆಗೆ ಮನೆಗೇ ಬ್ರಾಡ್‌ಬ್ಯಾಂಡ್ ಬಂತು, ಆಗ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಡೌನ್‌ಲೋಡ್ ಮಾಡಿದರೂ ಹೆಚ್ಚಿಗೆ ದುಡ್ಡು ಇರಲಿಲ್ಲ. ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಮೋಡೆಮ್ ಆನ್ ಮಾಡಿ ಮತ್ತೆ ಮಲಗುತ್ತಿದ್ದೆವು.

ಕೊನೆ ಕಂತು ಅಮೆರಿಕದ ಪೂರ್ವ ತೀರದಲ್ಲಿ ಮುಗಿದಾಗ ಇಲ್ಲಿ 2010ರ ಮೇ 24, ಸೋಮವಾರ ಬೆಳಿಗ್ಗೆ ಒಂಬತ್ತು. ನಮ್ಮ ಪುಕ್ಕಟೆ ಸಮಯ ಎಂಟಕ್ಕೇ ಮುಗಿದಿತ್ತು! ಆಫೀಸಿನಲ್ಲಿ ಜೋರು ನೆಟ್ ಇದ್ದವರು ಅವತ್ತೇ ನೋಡಿದರು. ನಾವು ಮಂಗಳವಾರ ಬೆಳಗಿನ ಜಾವದವರೆಗೆ ಕಾದೆವು. ಅಷ್ಟರಲ್ಲಿ ಸಂಜೆ ದರ್ಶಿನಿಯಲ್ಲಿ ಬೈಟೂ ಕಾಫಿ ಕೈಗೆ ಬರುವ ಮೊದಲೇ ಒಬ್ಬ ಹೇಳಿಬಿಟ್ಟ: “ಎಲ್ಲಾ ಸತ್ತೋಗಿದ್ರು ಕಣೋ, ಆರು ವರ್ಷ ವೇಸ್ಟು.” ನಾವು ಆ ಮಾತನ್ನು ತಲೆಯಲ್ಲಿಟ್ಟುಕೊಂಡೇ ಕಂತು ನೋಡಿದೆವು.

ಅವನದೂ ಪೂರ್ತಿ ತಪ್ಪಲ್ಲ. ಆರನೇ ಸೀಸನ್‌ನಲ್ಲಿ ಎರಡು ಎಳೆ. ಒಂದು ದ್ವೀಪದ್ದು. ಇನ್ನೊಂದರಲ್ಲಿ ವಿಮಾನ ಬೀಳುವುದೇ ಇಲ್ಲ. ಸಾವಿನ ಆಚೆಗಿನದು ಈ ಎರಡನೆಯದು ಮಾತ್ರ. ದ್ವೀಪದಲ್ಲಿ ನಡೆದದ್ದೆಲ್ಲ ನಿಜ ಅಂತ ಕಥಾನಾಯಕ ಜ್ಯಾಕ್‌ಗೆ ಅವನ ಅಪ್ಪನೇ ಬಿಡಿಸಿ ಹೇಳುತ್ತಾನೆ. ಆದರೆ ಹೆಸರುಗಳು ಓಡುವಾಗ ಚಾನೆಲ್‌ನವರು ಖಾಲಿ ಕಡಲತೀರದಲ್ಲಿ ಬಿದ್ದಿದ್ದ ವಿಮಾನದ ಚೂರುಗಳನ್ನು ತೋರಿಸಿದರು. ಒಂದು ನರಪಿಳ್ಳೆ ಇಲ್ಲ. ಹಾಗಾದರೆ ಯಾರೂ ಬದುಕಿರಲೇ ಇಲ್ಲ ಅಂತ ಎಷ್ಟೋ ಜನ ಅರ್ಥ ಮಾಡಿಕೊಂಡರು. ಅದು ಕಥೆಯ ಭಾಗ ಅಲ್ಲ, ನ್ಯೂಸ್ ಶುರುವಾಗುವ ಮುಂಚೆ ನೋಡುವವರು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಹಾಕಿದ್ದು ಅಂತ ಆಮೇಲೆ ಹೇಳಿದರು. ಅಷ್ಟೊತ್ತಿಗೆ ಮಾತು ಊರೆಲ್ಲ ಸುತ್ತಿತ್ತು.

ಒಗಟಿಗೆ ಉತ್ತರ ಬೇಕೆಂದವರ ಸಿಟ್ಟು ಬೇರೆ, ಅದು ನ್ಯಾಯವೇ. ಆದರೆ ಎಲ್ಲರೂ ಒಂದು ಚರ್ಚ್‌ನಲ್ಲಿ ಸೇರುವ ಕೊನೆ ದೃಶ್ಯ ಅರ್ಥವಾಗಲಿಲ್ಲ ಅಂದವರನ್ನು ಕಂಡರೆ ನನಗೆ ಇವತ್ತಿಗೂ ಆಶ್ಚರ್ಯ. ಅಲ್ಲಿನ ಬಣ್ಣದ ಗಾಜಿನ ಕಿಟಕಿಯಲ್ಲಿ ಓಂ ಕೂಡ ಇದೆ. ಅವತ್ತು ಬಟ್ಟೆ ಮಡಚುತ್ತಾ ಕೊನೆ ಹತ್ತು ನಿಮಿಷ ಮಾತ್ರ ನೋಡಿದ ಅಮ್ಮ, “ಋಣ ಇದ್ದೋರೆಲ್ಲ ಒಂದ್ಕಡೆ ಸೇರಿದ್ರು, ಅಷ್ಟೇ ತಾನೇ?” ಅಂದು ಎದ್ದುಹೋದರು. ಆರು ವರ್ಷ ನೋಡಿದ್ದ ನಾವು ಆ ವಾರವೆಲ್ಲ ವಾದ ಮಾಡಿದೆವು.

ಅಕ್ಕನ ಮಗನಿಗೆ ಇಷ್ಟೂ ಹೇಳಿದೆ. “ಸರಿ, ಹಿಮಕರಡಿ ಹೇಗೆ ಬಂತು?” ಅಂದ. ಮೂರನೇ ಸೀಸನ್‌ನಲ್ಲಿ ಅದರ ಬೋನೇ ಇದೆ, ನೀನೇ ನೋಡು ಅಂದೆ.

“ಮೂರನೇ ಸೀಸನ್‌ನ ರೀಲ್ಸ್ ಇದ್ಯಾ?” ಅಂದ.