ಟ್ರಿಮ್ ಬಿಚ್ಚಲು ಬಲ ಬೇಡ, ದಿಕ್ಕು ಗೊತ್ತಿರಲಿ

ಸ್ಪೋರ್ಟ್ಸ್ ಕಾರಿನ ಒಳಗಿನ ಟ್ರಿಮ್ (ಬಾಗಿಲು, ಡ್ಯಾಶ್‌ಬೋರ್ಡ್ ಮುಂತಾದ ಕಡೆ ಮೇಲೆ ಕಾಣುವ ಹೊದಿಕೆಯ ತುಂಡುಗಳು) ತಾವೇ ಬದಲಿಸಲು ಹೊರಟವರು ಮೊದಲು ಕೇಳುವುದು ‘ಎಷ್ಟು ಜೋರಾಗಿ ಎಳೀಬೇಕು?’ ಅಂತ. ಕೇಳಬೇಕಾದದ್ದು ‘ಯಾವ ಕಡೆಗೆ ಎಳೀಬೇಕು?’ ಅಂತ. ವರ್ಕ್‌ಶಾಪ್‌ಗೆ ಒಡೆದು ಬರುವ ಪ್ಯಾನೆಲ್‌ಗಳನ್ನು ಮಗುಚಿ ಹಿಂಬದಿ ನೋಡಿದರೆ ಸಾಕು, ಏನಾಯ್ತು ಅಂತ ತಿಳಿಯುತ್ತದೆ. ಕ್ಲಿಪ್ ಚೆನ್ನಾಗಿಯೇ ಇರುತ್ತದೆ. ಅದು ಕೂರುವ ಪ್ಲಾಸ್ಟಿಕ್ ಗೂಡು ಮಾತ್ರ ಕಿತ್ತು ಬಂದಿರುತ್ತದೆ. ನೇರವಾಗಿ ಬರಬೇಕಾದದ್ದನ್ನು ಓರೆಯಾಗಿ ಎಳೆದರೆ ಹೀಗೇ ಆಗುವುದು.

ಟ್ರಿಮ್ ಹಿಡಿದುಕೊಳ್ಳುವ ಬಗೆ ಬಹಳ ಇಲ್ಲ. ಒಂದು, ತೂತಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಅಥವಾ ಲೋಹದ ಕ್ಲಿಪ್. ಇದು ತೂತಿಗೆ ನೇರವಾಗಿಯೇ ಹೊರಗೆ ಬರಬೇಕು. ಇನ್ನೊಂದು, ಕೊಕ್ಕೆ. ಇದನ್ನು ಎಳೆದರೆ ಬರುವುದಿಲ್ಲ, ಮೇಲಕ್ಕೋ ಹಿಂದಕ್ಕೋ ಸರಿಸಬೇಕು. ಮೂರನೆಯದು ಸ್ಕ್ರೂ. ಹೆಚ್ಚಿನ ತುಂಡುಗಳಲ್ಲಿ ಒಂದು ಅಂಚಿಗೆ ಕ್ಲಿಪ್, ಎದುರು ಅಂಚಿಗೆ ಕೊಕ್ಕೆ ಇರುತ್ತದೆ. ಹಾಗಾಗಿ ಕ್ಲಿಪ್ ಇರುವ ಕಡೆಯಿಂದ ಶುರು ಮಾಡಿ, ಕೊಕ್ಕೆಯ ಕಡೆ ಮುಗಿಸಬೇಕು. ಉಲ್ಟಾ ಮಾಡಿದರೆ ಕೊಕ್ಕೆ ಟಕ್ ಅಂತ ಮುರಿಯುತ್ತದೆ.

ಹದವಾಗಿ ಎಳೆದರೂ ಒಂದು ಮೂಲೆ ಜಗ್ಗುತ್ತಿಲ್ಲ ಅಂದರೆ ಅಲ್ಲಿ ಸ್ಕ್ರೂ ಇದೆ ಅಂತಲೇ ಲೆಕ್ಕ. ಎಳೆಯುವುದನ್ನು ನಿಲ್ಲಿಸಿ ಹುಡುಕಿ. ಹ್ಯಾಂಡಲ್‌ನ ಬಟ್ಟಲಿನ ತಳದಲ್ಲಿ, ಚಿಕ್ಕ ಮುಚ್ಚಳದ ಹಿಂದೆ, ಬಾಗಿಲಿನ ಲೈಟ್ ಒಳಗೆ, ‘ಏರ್‌ಬ್ಯಾಗ್’ ಅಂತ ಬರೆದಿರುವ ಪುಟ್ಟ ಬಿಲ್ಲೆಯ ಅಡಿಯಲ್ಲಿ, ಆರ್ಮ್‌ರೆಸ್ಟ್ ಕೆಳಗೆ. ತಯಾರಕರು ಸ್ಕ್ರೂ ಬಚ್ಚಿಡುವುದು ಇಂಥ ಕಡೆಗಳಲ್ಲೇ. ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ ಟಾರ್ಕ್ಸ್ ಅನ್ನುವ ಆರು ಮೂಲೆಯ ನಕ್ಷತ್ರದ ತಲೆ, ಟಿ20, ಟಿ25 ಅಳತೆಯಲ್ಲಿ ಸಿಗುತ್ತದೆ. ಹಳೆಯ ಜಪಾನಿ ಕಾರುಗಳ ಪ್ಲಸ್ ತಲೆಯ ಸ್ಕ್ರೂ ನೋಡಲು ಫಿಲಿಪ್ಸ್ ಥರ ಇದ್ದರೂ ಅದು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯದು. ಫಿಲಿಪ್ಸ್ ಬಿಟ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒಂದು ಕೊಂಡುಬಿಡಿ.

ಮೀಟಲು ನೈಲಾನ್ ಪಟ್ಟಿಯೇ ಬೇಕು. ಕಬ್ಬಿಣದ ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿಕೊಂಡು ಮೀಟುವವರಿದ್ದಾರೆ. ಗೀರು ಬೀಳುವುದಿಲ್ಲ, ನಿಜ. ಅಂಚು ತಗ್ಗಾಗುತ್ತದೆ, ಮತ್ತೆ ಏಳುವುದಿಲ್ಲ. ಪಕ್ಕದ ಪ್ಯಾನೆಲ್‌ಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಪಟ್ಟಿಯನ್ನು ಅಂಚಿನಲ್ಲಿ ಎಲ್ಲೋ ಒಂದು ಕಡೆ ತೂರಿಸಿ ಮೇಲೆತ್ತಬೇಡಿ. ಕ್ಲಿಪ್ ಎಲ್ಲಿದೆ ಅಂತ ಬೆರಳಲ್ಲಿ ಒತ್ತಿ ನೋಡಿ, ಅಲ್ಲಿ ಪ್ಯಾನೆಲ್ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಪಕ್ಕಕ್ಕೇ ಪಟ್ಟಿ ಇಟ್ಟು ಮೀಟಿ.

ಚಳಿ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಒಳಭಾಗದಲ್ಲಿ ಜಾಸ್ತಿ ಬಳಸುವುದು ಪಾಲಿಪ್ರೊಪಿಲೀನ್. 0 ಡಿಗ್ರಿಯ ಆಸುಪಾಸಿಗೆ ಬಂದರೆ ಅದು ಬಾಗುವ ಗುಣ ಬಿಟ್ಟು ಬಿರುಸಾಗುತ್ತದೆ. ಹೀಟರ್ ಹಾಕಿ ಕ್ಯಾಬಿನ್ ಬೆಚ್ಚಗೆ ಮಾಡಿಕೊಂಡು ಶುರು ಮಾಡಿ. ಹಳೆಯ ಕಾರಿನ ಕ್ಲಿಪ್‌ಗಳದ್ದು ಬೇರೆ ಕಥೆ. ವರ್ಷಗಟ್ಟಲೆ ಬಿಸಿ ಉಂಡು ಒಣಗಿದ ಕ್ಲಿಪ್ ಹೇಗೆ ಎಳೆದರೂ ಮುರಿಯುತ್ತದೆ. ಅದಕ್ಕೆ ಬೇಸರ ಬೇಡ. ಹೊಸದನ್ನು ಮೊದಲೇ ತರಿಸಿಟ್ಟುಕೊಳ್ಳಿ. ನೋಡಲು ಒಂದೇ ಥರ ಇದ್ದು ಬಣ್ಣ ಮಾತ್ರ ಬೇರೆ ಇದ್ದರೆ ಅಳತೆಯೂ ಬೇರೆ ಇರಬಹುದು, ಬೆರೆಸಬೇಡಿ.

ಈಗ ಬ್ಯಾಟರಿ ವಿಷಯ. ಇದನ್ನು ಸುಮ್ನೆ ಹಾರಿಸಿ ಮುಂದೆ ಹೋಗುವ ಹಾಗಿಲ್ಲ. ಏರ್‌ಬ್ಯಾಗ್ ಇರುವ ಕಡೆ ಕೈ ಹಾಕುವುದಾದರೆ ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಕಾಯಬೇಕು. ಏರ್‌ಬ್ಯಾಗ್ ಕಂಟ್ರೋಲರ್‌ನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಟೊಯೋಟಾ ಕೈಪಿಡಿಗಳಲ್ಲಿ ಕನಿಷ್ಠ 90 ಸೆಕೆಂಡ್, ಹೋಂಡಾದಲ್ಲಿ ಕನಿಷ್ಠ 3 ನಿಮಿಷ ಅಂತ ಬರೆದಿರುತ್ತದೆ. ನಿಮ್ಮ ಕಾರಿನದು ಎಷ್ಟು ಅಂತ ಅದರ ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಳದಿ ಕನೆಕ್ಟರ್, ಹಳದಿ ಕವಚದ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದು. ಅದಕ್ಕೆ ಮಲ್ಟಿಮೀಟರ್ ಆಗಲಿ ಟೆಸ್ಟ್ ಲ್ಯಾಂಪ್ ಆಗಲಿ ಹಚ್ಚಬಾರದು. ಅದನ್ನು ಬಿಚ್ಚಿಟ್ಟಿರುವಾಗ ಇಗ್ನಿಷನ್ ಕೂಡ ಹಾಕಬಾರದು. ಹಾಕಿದರೆ ಡ್ಯಾಶ್‌ಬೋರ್ಡ್‌ನ ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ. ಎಷ್ಟೋ ಕಾರುಗಳಲ್ಲಿ ಕಾರಿನ ದೋಷ ಓದಿ ಅಳಿಸುವ ಸ್ಕ್ಯಾನರ್ ಇಲ್ಲದೆ ಅದು ಆರುವುದಿಲ್ಲ.

ಬ್ಯಾಟರಿ ಬಿಚ್ಚಿದ ಮೇಲೆ ಸ್ಪೋರ್ಟ್ಸ್ ಕಾರಿನಲ್ಲಿ ಎರಡು ತಾಪತ್ರಯ ಇವೆ. ಬೇರೆ ಕಾರಿನಲ್ಲಿ ಪಳಗಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಮೊದಲನೆಯದು ಗಾಜು. ಕೂಪೆ, ಕನ್ವರ್ಟಿಬಲ್‌ಗಳಲ್ಲಿ ಹೆಚ್ಚಾಗಿ ಬಾಗಿಲಿಗೆ ಮೇಲಿನ ಚೌಕಟ್ಟು ಇರುವುದಿಲ್ಲ. ಇಂಥ ಎಷ್ಟೋ ಕಾರುಗಳಲ್ಲಿ ಹ್ಯಾಂಡಲ್ ಎಳೆದಾಗ ಗಾಜು ತಾನಾಗಿ ಒಂದಿಷ್ಟು ಕೆಳಗೆ ಇಳಿಯುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ರಬ್ಬರ್ ಒಳಗೆ ಕೂರುತ್ತದೆ. ಕರೆಂಟ್ ಇಲ್ಲದಿದ್ದರೆ ಇಳಿಯುವುದೇ ಇಲ್ಲ. ಆಗ ಬಾಗಿಲು ತಳ್ಳಿ ಮುಚ್ಚಿದರೆ ಗಾಜು ರಬ್ಬರ್‌ಗೆ, ಇಲ್ಲವೇ ಅದರ ಪಟ್ಟಿಗೆ ಬಡಿಯುತ್ತದೆ. ಹಾಗಾಗಿ ಬ್ಯಾಟರಿ ಬಿಚ್ಚುವ ಮುಂಚೆಯೇ ಎರಡೂ ಗಾಜು ಇಳಿಸಿಬಿಡಿ.

ಎರಡನೆಯದು ಬಾನೆಟ್. 997 ಪೀಳಿಗೆಯ ಪೋರ್ಷೆ 911 ನೋಡಿ. ಬ್ಯಾಟರಿ ಇರುವುದು ಬಾನೆಟ್ ಅಡಿಯ ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ತಂತಿ ಬಿಚ್ಚಿ ಡಿಕ್ಕಿ ಮುಚ್ಚಿದಿರೋ, ಮುಗೀತು. ಫ್ಯೂಸ್ ಬಾಕ್ಸ್‌ನಲ್ಲಿ ಇದಕ್ಕೇ ಅಂತ ಒಂದು ಟರ್ಮಿನಲ್ ಕೊಟ್ಟಿದ್ದಾರೆ, ಹೊರಗಿನ ಬ್ಯಾಟರಿಯಿಂದ ಅದಕ್ಕೆ ಕರೆಂಟ್ ಕೊಟ್ಟು ತೆರೆಯಬೇಕಾಗುತ್ತದೆ. ಯಾಕೆ ಬೇಕು ಆ ಗೋಳು? ಬಾನೆಟ್ ತೆರೆದೇ ಇಟ್ಟು, ಲಾಚ್ ಮೇಲೆ ದಪ್ಪ ಬಟ್ಟೆ ಹೊದಿಸಿ.

ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಪ್ಯಾನೆಲ್, ಬಿಚ್ಚುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಿಕ್ಕ ತುಂಡುಗಳ ಪಾಠವೆಲ್ಲ ಇದರಲ್ಲೇ ಇದೆ. ಮೊದಲು ಕಾಣುವ, ಕಾಣದ ಸ್ಕ್ರೂಗಳೆಲ್ಲ ಹೊರಗೆ. ಆಮೇಲೆ ಕೆಳಗಿನ ಒಂದು ಮೂಲೆಯಲ್ಲಿ ಪಟ್ಟಿ ತೂರಿಸಿ ಮೊದಲ ಕ್ಲಿಪ್ ಬಿಡಿಸಿ. ಒಂದು ಬಿಟ್ಟ ಮೇಲೆ ಪಟ್ಟಿ ಪಕ್ಕಕ್ಕಿಟ್ಟು ಕೈ ಬಳಸಿ. ಅಂಗೈ ಒಳಗೆ ತೂರಿಸಿ, ಕ್ಲಿಪ್ಪಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಹಿಡಿದು, ನೇರ ನಿಮ್ಮ ಕಡೆಗೆ ಚುಟುಕಾಗಿ ಎಳೆಯಿರಿ. ಕೆಳಗೆ, ಎರಡೂ ಬದಿ, ಹೀಗೆ ಸುತ್ತ ಬನ್ನಿ. ಕೊನೆಗೆ ಪ್ಯಾಡ್ ಕಿಟಕಿಯ ಅಂಚಿನಲ್ಲಿ ಮಾತ್ರ ನೇತಾಡುತ್ತಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅಲ್ಲಿ ಎಳೆಯಬಾರದು, ನೇರ ಮೇಲಕ್ಕೆ ಎತ್ತಬೇಕು. ಎತ್ತಿದ ತಕ್ಷಣ ದೂರ ಒಯ್ಯಬೇಡಿ. ಹ್ಯಾಂಡಲ್‌ನ ಕೇಬಲ್, ಗಾಜಿನ ಸ್ವಿಚ್, ಸ್ಪೀಕರ್, ಲೈಟ್‌ನ ವೈರ್‌ಗಳು ಇನ್ನೂ ಬಾಗಿಲಿಗೇ ಅಂಟಿಕೊಂಡಿವೆ. ಇನ್ನೊಬ್ಬರು ಪ್ಯಾಡ್ ಹಿಡಿದುಕೊಂಡರೆ ಒಳ್ಳೆಯದು. 997ರಲ್ಲಿ ತಲೆಯನ್ನು ಕಾಪಾಡುವ ಏರ್‌ಬ್ಯಾಗ್ ಕೂಡ ಬಾಗಿಲಿನಲ್ಲೇ ಇದೆ, ಕಿಟಕಿಯ ಅಂಚಿನಿಂದ ಮೇಲಕ್ಕೆ ಅರಳುತ್ತದೆ. ಇನ್ನೂ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಹೀಗೇ ಇರುತ್ತದೆ. ಬಿಚ್ಚಿದ ಏರ್‌ಬ್ಯಾಗ್ ಅನ್ನು ನೆಲಕ್ಕೆ ಮುಖ ಮಾಡಿ ಇಡಬಾರದು, ಅರಳುವ ಬದಿ ಮೇಲಕ್ಕೇ ಇರಬೇಕು.

ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆಯೋ ಫೋಮ್ ಹಾಳೆಯೋ ಕಪ್ಪು ಅಂಟಿನಲ್ಲಿ ಅಂಟಿರುತ್ತದೆ. ಕೆಲಸಕ್ಕೆ ಅಡ್ಡ ಅಂತ ಇದನ್ನು ಹರಿದು ಬಿಸಾಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲಿನ ಹೊಟ್ಟೆಗೆ ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಹೊರಗೂ ಹೋಗುತ್ತದೆ. ಆ ನೀರು ಕ್ಯಾಬಿನ್‌ಗೆ ಬಾರದಂತೆ ತಡೆಯುವುದು ಈ ಹಾಳೆ. ಅದು ಹರಿದರೆ ಕಾರ್ಪೆಟ್ ಒದ್ದೆ, ಆಮೇಲೆ ವಾಸನೆ. ಇಷ್ಟೇ ಅಲ್ಲ. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಪಕ್ಕದಿಂದ ಗುದ್ದಿದ್ದನ್ನು ಪತ್ತೆ ಹಚ್ಚುವುದು ಬಾಗಿಲಿನೊಳಗಿನ ಪ್ರೆಷರ್ ಸೆನ್ಸರ್. ಬಾಗಿಲು ನುಗ್ಗಾದಾಗ ಒಳಗಿನ ಗಾಳಿಯ ಒತ್ತಡ ಥಟ್ಟನೆ ಏರುವುದನ್ನು ಅದು ಅಳೆಯುತ್ತದೆ. ಹಾಳೆಯಲ್ಲಿ ದೊಡ್ಡ ತೂತಿದ್ದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. ಅಂಟನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ನಿಧಾನಕ್ಕೆ ಬಿಡಿಸಿ, ವಾಪಸ್ ಹೊಸ ಬ್ಯೂಟೈಲ್ ಅಂಟಿನ ಎಳೆ ಇಟ್ಟು ಒತ್ತಿ.

ಮುಂದಿನ ಎರಡು ಸೀಟಿನ ನಡುವಿನ ಸೆಂಟರ್ ಕನ್ಸೋಲ್ ಸುಲಭ. ಚಕ್ರಕ್ಕೆ ಅಡ್ಡ ಇಟ್ಟುಕೊಂಡು ಶುರು ಮಾಡಿ, ಯಾಕಂದರೆ ಹ್ಯಾಂಡ್‌ಬ್ರೇಕನ್ನೂ ಗೇರನ್ನೂ ಆಚೀಚೆ ಆಡಿಸಬೇಕಾಗುತ್ತದೆ. ಆಟೋಮ್ಯಾಟಿಕ್ ಆದರೆ ಬ್ಯಾಟರಿ ಬಿಚ್ಚುವ ಮೊದಲೇ ಗೇರ್ ನ್ಯೂಟ್ರಲ್‌ಗೆ ತನ್ನಿ, ಆಮೇಲೆ ಲಿವರ್ ಲಾಕ್ ಆಗಿ ಕೂರುತ್ತದೆ. ಗೇರ್ ನಾಬ್ ಬದಲಿಸುವವರು ಥ್ರೆಡ್ ಅಳತೆ ನೋಡಿ ತರಿಸಿ. ಮಾಜ್ದಾ ಎಂಎಕ್ಸ್-5ಕ್ಕೆ ಎಂ10×1.25 (10 ಮಿ.ಮೀ. ದಪ್ಪ, ಥ್ರೆಡ್‌ಗಳ ಅಂತರ 1.25 ಮಿ.ಮೀ.), ಟೊಯೋಟಾ 86ರ ಮ್ಯಾನುವಲ್ ಗೇರಿಗೆ ಎಂ12×1.25. ಮೇಲ್ನೋಟಕ್ಕೆ ವ್ಯತ್ಯಾಸ ಕಾಣದು.

ಒಡೆದ ತುಂಡನ್ನು ಅಂಟಿಸುವುದೋ ಹೊಸದು ತರುವುದೋ ಅನ್ನುವುದಕ್ಕೆ ಉತ್ತರ ತುಂಡಿನ ಬೆನ್ನ ಮೇಲೇ ಇರುತ್ತದೆ. ಹಿಂಬದಿಯಲ್ಲಿ ಎರಡು ಬಾಣದ ಗುರುತಿನ ನಡುವೆ ಉಬ್ಬು ಅಕ್ಷರಗಳಿರುತ್ತವೆ. ಪಿಪಿ ಅಂತಿದ್ದರೆ ಪಾಲಿಪ್ರೊಪಿಲೀನ್. ಪಕ್ಕದಲ್ಲಿ ಟಿ20 ಇದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಸೇರಿಸಿದ್ದಾರೆ ಅಂತ, ಟಾರ್ಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಪಿಪಿಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಎರಡು ದಿನಕ್ಕೆ ಸುಲಿದು ಬರುತ್ತದೆ. ಎಬಿಎಸ್ (ಇಲ್ಲಿ ಬ್ರೇಕಿನದಲ್ಲ, ಗಟ್ಟಿ ಪ್ಲಾಸ್ಟಿಕ್‌ನ ಹೆಸರು) ಅಥವಾ ಅದಕ್ಕೆ ಪಾಲಿಕಾರ್ಬೊನೇಟ್ ಬೆರೆಸಿದ ಪಿಸಿ+ಎಬಿಎಸ್ ಆದರೆ ಎಪಾಕ್ಸಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಒಡೆದ ಕ್ಲಿಪ್ ಗೂಡನ್ನೂ ಮತ್ತೆ ಕೂರಿಸಬಹುದು. ಅಲ್ಲೇ ಪಾರ್ಟ್ ನಂಬರ್ ಕೂಡ ಇರುತ್ತದೆ. ಆರ್ಡರ್ ಮಾಡುವಾಗ ಅದನ್ನೂ ಬಣ್ಣದ ಕೋಡನ್ನೂ ಕೊಡಿ. ಸ್ಟೀರಿಂಗ್ ಎಡಕ್ಕೋ ಬಲಕ್ಕೋ ಅನ್ನುವುದು ಮರೆಯಬೇಡಿ, ಡ್ಯಾಶ್‌ಬೋರ್ಡ್ ತುಂಡುಗಳು ಎರಡಕ್ಕೂ ಬೇರೆ ಬೇರೆ.

ಕಾರ್ಬನ್ ಫೈಬರ್ ಮೇಲೆ ಆಸೆ ಪಟ್ಟು ಬರುವವರೇ ಜಾಸ್ತಿ. ಪೂರ್ತಿ ತುಂಡು ಬದಲಿಸುವುದಾದರೆ ನನ್ನ ತಕರಾರಿಲ್ಲ. ಹಳೆಯದರ ಮೇಲೆ ಅಂಟಿಸುವ ತೆಳು ಹೊದಿಕೆ ನನಗೆ ಹಿಡಿಸುವುದಿಲ್ಲ. ಅಂಚು ದಪ್ಪವಾಗಿ ಪಕ್ಕದ ತುಂಡಿಗೆ ತಾಗುತ್ತದೆ, ಮುಂದೆ ತೆಗೆಯಲು ಹೋದರೆ ಅಡಿಯ ತುಂಡೂ ಹಾಳು. ಹಾಕಲೇಬೇಕು ಅಂದರೆ ಮೊದಲು ಟೇಪಿನ ಕಾಗದ ಸುಲಿಯದೆ ಇಟ್ಟು ಅಳತೆ ನೋಡಿ. 3ಎಂ ವಿಎಚ್‌ಬಿ ಥರದ, ಎರಡೂ ಬದಿ ಅಂಟುವ ಟೇಪ್‌ಗೆ 21ರಿಂದ 38 ಡಿಗ್ರಿ ಒಳ್ಳೆಯ ಬಿಸಿ. ಸಾಮಾನ್ಯ ಕೋಣೆಯ ಬಿಸಿಯಲ್ಲಿ 20 ನಿಮಿಷಕ್ಕೆ ಅರ್ಧ ಹಿಡಿತ, 24 ಗಂಟೆಗೆ ನೂರಕ್ಕೆ 90, ಪೂರ್ತಿ ಹಿಡಿತಕ್ಕೆ 72 ಗಂಟೆ ಬೇಕು. ಅಷ್ಟು ದಿನ ಬಿಸಿಲಲ್ಲಿ ನಿಲ್ಲಿಸಬೇಡಿ.

1990ರ ದಶಕದ ಮತ್ತು 2000ದ ಆಸುಪಾಸಿನ ಫೆರಾರಿಗಳ ಸ್ವಿಚ್, ಬಟನ್ ಬೆಲ್ಲದ ಪಾಕದಂತೆ ಕೈಗೆ ಅಂಟುವುದು ಪ್ರಸಿದ್ಧ. ಮೆತ್ತಗಿರಲಿ ಅಂತ ಬಳಿದ ಮೇಲ್ಪದರ ಬಿಸಿಗೂ ತೇವಕ್ಕೂ ಕರಗುತ್ತಾ ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ತಾಳ್ಮೆಯಿಂದ ಉಜ್ಜಿದರೆ ಆ ಪದರ ಹೋಗುತ್ತದೆ. ಜೊತೆಗೆ ಬಿಳಿ ಗುರುತುಗಳೂ ಅಳಿಸಿಹೋಗಬಹುದು. ಗುರುತು ಇರುವ ಬಟನ್‌ಗಳನ್ನು ಇದನ್ನೇ ಕಸುಬು ಮಾಡಿಕೊಂಡವರಿಗೆ ಕಳಿಸಿ. ಬರೀ ಪ್ಲಾಸ್ಟಿಕ್ ತುಂಡುಗಳನ್ನು ಮನೆಯಲ್ಲೇ ಮಾಡಿ.

ಕೆಲವಕ್ಕೆ ಕೈ ಹಾಕಲೇಬೇಡಿ. ಸ್ಟೀರಿಂಗ್‌ನ ಏರ್‌ಬ್ಯಾಗ್ ಒಂದು. ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡ್‌ಗೆ ಚರ್ಮ ಹೊದಿಸುವುದು ಇನ್ನೊಂದು. ಅದರ ಹಿಂಬದಿಯಲ್ಲಿ ಏರ್‌ಬ್ಯಾಗ್ ಸೀಳಿಕೊಂಡು ಬರಲೆಂದೇ ಕಣ್ಣಿಗೆ ಕಾಣದ ತೆಳು ಗೆರೆ ಕೊರೆದಿರುತ್ತಾರೆ. ಮೇಲೆ ಗಟ್ಟಿ ಚರ್ಮ ಬಿಗಿದರೆ ಅದು ಸೀಳುವುದಾದರೂ ಹೇಗೆ? ಸೀಟಿನ ಪಕ್ಕದ ಹೊಲಿಗೆಯೂ ಅಷ್ಟೇ, ಅಲ್ಲಿ ಬೇಗ ಹರಿಯುವ ದಾರವನ್ನೇ ಬೇಕೆಂದು ಹಾಕಿರುತ್ತಾರೆ. ಮುಂದಿನ ಗಾಜಿನ ಪಕ್ಕದ ಕಂಬದ ಟ್ರಿಮ್ ಬಿಚ್ಚಬೇಕಾದರೆ ಅದರ ಕ್ಲಿಪ್ ಮತ್ತೆ ಬಳಸಬಹುದಾ ಅಂತ ಕೈಪಿಡಿಯಲ್ಲಿ ನೋಡಿ. ಹಿಂದೆ ಏರ್‌ಬ್ಯಾಗ್ ಇರುವ ಎಷ್ಟೋ ಕಾರುಗಳಲ್ಲಿ ಅದು ಒಂದೇ ಸಲದ್ದು.

ವಾಪಸ್ ಜೋಡಿಸುವಾಗ ಬಾಗಿಲಲ್ಲೇ ಉಳಿದ ಕ್ಲಿಪ್‌ಗಳನ್ನು ಇಕ್ಕಳದಲ್ಲಿ ತೆಗೆದು ಪ್ಯಾಡ್‌ಗೆ ಸಿಕ್ಕಿಸಿ. ಪ್ಯಾಡ್ ಕೂರಿಸಿ, ಪ್ರತಿ ಕ್ಲಿಪ್ ತನ್ನ ತೂತಿನ ಎದುರಿಗೆ ಇದೆಯಾ ಅಂತ ನೋಡಿಕೊಂಡು ಆಮೇಲೆ ಒತ್ತಿ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಅದು ಕಟ್ ಅಂತ ಚೂರು ಕೆಳಗೆ ಬೀಳುತ್ತದೆ, ಹಳೆಯ ಥ್ರೆಡ್ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಬಿಗಿ ಮಾಡಿ, ಕೈಯಿಂದಲೇ. ಡ್ರಿಲ್ ಬೇಡ. ತುಂಡು ತುಂಡಿಗೆ ತಾಗುವ ಕಡೆ ವೈರ್‌ಗೆ ಸುತ್ತುವ ಮೆತ್ತನೆ ಬಟ್ಟೆ ಟೇಪ್ ಹಚ್ಚಿ. ಗಟ್ಟಿ ಸಸ್ಪೆನ್ಷನ್ ಇರುವ ಕಾರಿನಲ್ಲಿ ಇದನ್ನು ಬಿಟ್ಟರೆ ಮೊದಲ ಹಳ್ಳದಲ್ಲೇ ಕಿರ್ ಕಿರ್ ಶುರು.

ಹಳದಿ ಕನೆಕ್ಟರ್‌ಗಳೆಲ್ಲ ಕೂತಿವೆ ಅಂತ ಖಚಿತ ಆದ ಮೇಲೆ ಬ್ಯಾಟರಿ ಜೋಡಿಸಿ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವೇ ಸೆಕೆಂಡಲ್ಲಿ ಆರಬೇಕು. ಗಾಜನ್ನು ಪೂರ್ತಿ ಏರಿಸಿ ಸ್ವಿಚ್ ಒಂದಷ್ಟು ಹೊತ್ತು ಹಿಡಿದುಕೊಳ್ಳಿ, ಹೆಚ್ಚಿನ ಕಾರುಗಳು ಹೀಗೆ ಗಾಜಿನ ಅಳತೆ ಮತ್ತೆ ಕಲಿಯುತ್ತವೆ. ಹ್ಯಾಂಡಲ್ ಎಳೆದಾಗ ಗಾಜು ಇಳಿಯುತ್ತಿದೆಯಾ ಅಂತ ನೋಡಿ. ಅದು ಇಳಿಯುವವರೆಗೆ ಗಾಜು ಏರಿಸಿಕೊಂಡು ಬಾಗಿಲು ಮುಚ್ಚಬೇಡಿ.