ಹಳೇ ಮನೆ ಯಾರ ಕೈಯಿಂದ ಯಾರ ಕೈಗೆ ಬಂತು: ಇಸಿಯಲ್ಲಿ ಸಿಗದ ಕಥೆ

ಈಗೊಂದಷ್ಟು ವರ್ಷದಿಂದ ತೊಟ್ಟಿಮನೆ, ಗುತ್ತಿನಮನೆ, ವಾಡೆ ಅಂತ ಹಳೇ ಮನೆಗಳನ್ನ ರಿಪೇರಿ ಮಾಡಿಸೋದು ಜೋರಾಗಿದೆ, ಹೋಮ್‌ಸ್ಟೇಗೋ ಇಲ್ಲ ಸುಮ್ನೆ ಅಜ್ಜನ ಮನೆ ಉಳೀಲಿ ಅಂತಾನೋ. ಕೆಲಸ ಶುರು ಮಾಡೋ ಮುಂಚೆ ಯಾರಾದ್ರೂ ಬುದ್ಧಿವಂತರು "ಮೊದ್ಲು ಇಸಿ ತೆಗೆಸಿ" ಅಂತಾರೆ. ಇಸಿ ಅಂದ್ರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್, ಸ್ವತ್ತಿನ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ. ತೆಗೆಸಿದ್ರೆ ಫಾರಂ 16 ಕೈಗೆ ಬರತ್ತೆ, ಅಂದ್ರೆ ಆ ಸ್ವತ್ತಿನ ಮೇಲೆ ಯಾವ ವ್ಯವಹಾರಾನೂ ಆಗಿಲ್ಲ ಅಂತ. ನೂರು ವರ್ಷದ ಮನೆ, ನಾಲ್ಕು ತಲೆಮಾರು ಬಾಳಿದೆ, ಒಂದು ವ್ಯವಹಾರಾನೂ ಇಲ್ವಾ? ಬೇಕಾದಷ್ಟು ಆಗಿರತ್ತೆ, ಆದ್ರೆ ಅದು ರಿಜಿಸ್ಟ್ರಾರ್ ಪುಸ್ತಕಕ್ಕೆ ಹೋಗೇ ಇರಲ್ಲ.

ಯಾಕೆ ಅಂದ್ರೆ ಇಸಿಯಲ್ಲಿ ಬರೋದು ರಿಜಿಸ್ಟರ್ ಆಗಿದ್ದು ಮಾತ್ರ. ಅಪ್ಪ ತೀರ್ಕೊಂಡು ಮಗನ ಹೆಸರಿಗೆ ಪೌತಿ ಖಾತೆ ಆದ್ರೆ ಅದು ಇಸಿಯಲ್ಲಿ ಕಾಣಲ್ಲ. ಉಯಿಲು ರಿಜಿಸ್ಟರ್ ಮಾಡಿಸ್ಲೇಬೇಕು ಅಂತ ಕಾನೂನೇ ಇಲ್ಲ. ಅಣ್ಣತಮ್ಮಂದಿರು ಊರಿನ ನಾಲ್ಕು ಜನ ಹಿರಿಯರನ್ನ ಕೂರಿಸ್ಕೊಂಡು ಬಾಯಿ ಮಾತಲ್ಲೇ ಪಾಲು ಮಾಡ್ಕೊಂಡು, ಆಮೇಲೆ ನೆನಪಿಗಿರ್ಲಿ ಅಂತ ಒಂದು ಹಾಳೆ ಮೇಲೆ ಪಾಲುಪಟ್ಟಿ ಬರ್ಕೊಂಡ್ರೆ ಅದೂ ಅಲ್ಲಿರಲ್ಲ. ಇನ್ನೊಂದು ಮಜಾ ಇದೆ: 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆ್ಯಕ್ಟ್ ಪ್ರಕಾರ ನೂರು ರೂಪಾಯಿಗಿಂತ ಕಮ್ಮಿ ಬೆಲೆಯ ಸ್ಥಿರಾಸ್ತಿಗೆ ರಿಜಿಸ್ಟರ್ ಆದ ಕ್ರಯಪತ್ರ ಬೇಕಿಲ್ಲ, ಸ್ವಾಧೀನ ಬಿಟ್ಕೊಟ್ರೆ ಸಾಕು. ಈಗ ನೂರು ರೂಪಾಯಿಗೆ ಒಂದು ಹೆಂಚೂ ಸರಿಯಾಗಿ ಬರಲ್ಲ, ಆದ್ರೆ ಆ ಕಾಲಕ್ಕೆ ಹಳ್ಳಿಯ ಎಷ್ಟೋ ಮನೆ ಆ ಲೆಕ್ಕದ ಒಳಗೇ ಇದ್ವು. ಇನ್ನು ಖಾತೆ ಇದ್ರೆ ಮಾಲೀಕ ಅಂತ ಅರ್ಧ ಊರು ನಂಬ್ಕೊಂಡಿದೆ, ಖಾತೆ ಅನ್ನೋದು ಕಂದಾಯ ಯಾರು ಕಟ್ಬೇಕು ಅನ್ನೋದಕ್ಕೆ ಇಟ್ಟಿರೋ ಲೆಕ್ಕ ಅಷ್ಟೆ, ಹಕ್ಕುಪತ್ರ ಅಲ್ಲ.

ಆನ್‌ಲೈನಲ್ಲಿ ಇಸಿ ಸಿಗೋದು 2004ರಿಂದೀಚೆಗೆ. ಅದಕ್ಕೂ ಹಿಂದಿನದು ಬೇಕಂದ್ರೆ ಆಫೀಸಲ್ಲಿ ಅರ್ಜಿ ಹಾಕಿ ಕೈಬರಹದ ಪುಸ್ತಕ ಹುಡುಕಿಸ್ಬೇಕು. ಅಲ್ಲಿ ಇಂಡೆಕ್ಸ್ ಎರಡು, ಒಂದು ಜನರ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ಗ್ರಾಮಠಾಣದ, ಅಂದ್ರೆ ಊರೊಳಗಿನ ವಾಸದ ಜಾಗದ ಮನೆಗೆ ಸರ್ವೆ ನಂಬರೇ ಇರಲ್ಲ, ಪಂಚಾಯ್ತಿ ನಂಬರು ಕಾಲಕಾಲಕ್ಕೆ ಬದಲಾಗಿರತ್ತೆ, ಹಾಗಾಗಿ ಹೆಸರು ಹಿಡ್ಕೊಂಡು ಹುಡುಕೋದೇ ದಾರಿ, ಆದ್ರೆ ಹುಡುಕೋಕೆ ಮುತ್ತಜ್ಜನ ಅಪ್ಪನ ಹೆಸರು ನಿಮಗೆ ಗೊತ್ತಿರ್ಬೇಕಲ್ಲ! ಇಂಥವರು ಬಿನ್ (ಅಂದ್ರೆ ಮಗ) ಇಂಥವರು, ಹೆಂಗಸರಾದ್ರೆ ಇಂಥವರು ಕೋಂ (ಅಂದ್ರೆ ಹೆಂಡತಿ) ಇಂಥವರು ಅಂತ ಬರೆದಿರ್ತಾರೆ, ಕೆಲವು ಸಲ ಆ ಬಿನ್, ಕೋಂಗಳಿಂದಾನೇ ಮನೆಯವರಿಗೆ ತಮ್ಮ ವಂಶವೃಕ್ಷ ಗೊತ್ತಾಗೋದು.

ಇನ್ನು ಟ್ರಂಕಲ್ಲಿ ಹಳೇ ಕ್ರಯಪತ್ರ ಸಿಕ್ಕಿದ್ರೆ ಆತುರ ಪಡದೆ ಓದಿ. ಹಳೇ ಮೈಸೂರಿನ ಪತ್ರಗಳಲ್ಲಿ ಮನೆ ಅಳತೆ ಚದರಡಿಯಲ್ಲಿ ಇರ್ಬೇಕು ಅಂತಿಲ್ಲ, "ಐದಂಕಣದ ನಾಡಹೆಂಚಿನ ಮನೆ" ಅಂತ ಇರತ್ತೆ. ಕಂಬದಿಂದ ಕಂಬಕ್ಕೆ ಇರೋ ಜಾಗ ಒಂದಂಕಣ. ಈಗ ಮನೇಲಿ ಎಂಟಂಕಣ ಇದ್ರೆ ಮೂರು ಆಮೇಲೆ ಸೇರಿದ್ದು, ಇಲ್ಲ ಪಕ್ಕದವರದ್ದು ಕೊಂಡಿದ್ದು, ಇದು ಗೊತ್ತಾದ್ರೆ ಯಾವ ಗೋಡೆ ಹಳೇದು ಯಾವುದು ಹೊಸದು ಅಂತ ಗಾರೆ ಕೆಲಸದವ್ರಿಗೂ ಹೇಳ್ಬಹುದು. ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಗುಡಿ. ನಾಲ್ಕು ದಿಕ್ಕಲ್ಲಿರೋ ನೆರೆಯವರ ಹೆಸರು ಬರ್ಕೊಳ್ಳಿ, ನಿಮ್ಮ ಮನೆ ಕಾಗದ ಕಳೆದೋಗಿದ್ರೂ ಅವರ ಮನೆ ಪತ್ರದ ಚಕ್ಕುಬಂದಿಯಲ್ಲಿ ನಿಮ್ಮಜ್ಜನ ಹೆಸರು ಇರತ್ತೆ, ಇಸವಿ ಸಮೇತ. ಕೆಳಗೆ "ನಿಧಿ ನಿಕ್ಷೇಪ ಜಲ ತರು ಪಾಷಾಣ" ಅಂತ ಶಾಸನದ ಕಾಲದಿಂದ ಬಂದಿರೋ ಅಷ್ಟಭೋಗದ (ಆಸ್ತಿ ಅನುಭವಿಸೋ ಎಂಟು ಬಗೆಯ ಹಕ್ಕಿನ) ಸಾಲು, ಅದರ ಕೆಳಗೆ ಸಾಕ್ಷಿಗಳು, ಹೆಬ್ಬೆಟ್ಟು, ಬರೆದವರ ಬಿಕ್ಕಲಂ, ಅಂದ್ರೆ ಪತ್ರ ಬರೆದವರ ಹೆಸರು, ಸಹಿ.

ಕ್ರಯ ಅಂತ ಅಂದ್ಕೊಂಡಿದ್ದು ಎಷ್ಟೋ ಸಲ ಭೋಗ್ಯ ಆಗಿರತ್ತೆ. ಮಗಳ ಮದುವೆಗೋ ಮಳೆ ಇಲ್ಲದ ವರ್ಷಕ್ಕೋ ಸಾಲ ತಗೊಂಡು, ಬಡ್ಡಿ ಬದಲಿಗೆ ಮನೇನೇ ಸಾಹುಕಾರರ ಸ್ವಾಧೀನಕ್ಕೆ ಕೊಡೋದು, ಸಾಲ ತೀರಿಸಿದ್ರೆ ವಾಪಸ್ಸು. ಹಾಗೆ ಅಡವಿಟ್ಟ ಆಸ್ತಿ ಬಿಡಿಸ್ಕೊಳ್ಳೋಕೆ 1908ರ ಲಿಮಿಟೇಶನ್ ಕಾಯ್ದೆ 60 ವರ್ಷ ಕೊಟ್ಟಿತ್ತು, 1963ರ ಕಾಯ್ದೆ ಅದನ್ನ 30ಕ್ಕೆ ಇಳಿಸ್ತು. ಹಾಗಾಗಿ ಒಂದು ಮನೆಯಲ್ಲಿ ಎರಡು ತಲೆಮಾರು ಇದ್ದವರು ಮಾಲೀಕರೇ ಅಲ್ಲದೆ ಇರೋದೂ ಉಂಟು, ಊರಲ್ಲಿ ಮಾತ್ರ ಅದು ಅವರ ಹೆಸರಿನ ಮನೆ ಅಂತಾನೇ ಆಗಿರತ್ತೆ.

ಕಾಗದ ಯಾವ ಭಾಷೇಲಿ ಇದೆ ಅನ್ನೋದು ನಿಮ್ಮೂರು 1956ಕ್ಕೆ ಮುಂಚೆ ಯಾರ ಕೈಲಿತ್ತು ಅನ್ನೋದರ ಮೇಲೆ. ಕಲಬುರಗಿ, ಬೀದರ ಕಡೆ ನಿಜಾಮರ ಕಾಲದ ಉರ್ದು, ಧಾರವಾಡ ಬೆಳಗಾವಿ ಕಡೆ ಹಳೇ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೇ ಕೂಡುಬರಹ), ಅದನ್ನ ಓದೋರನ್ನ ಹುಡುಕೋದೇ ದೊಡ್ಡ ಕೆಲಸ. ಮಂಗಳೂರು ಉಡುಪಿ ಮದ್ರಾಸಿಗೆ ಸೇರಿತ್ತು, ಅಲ್ಲಿ ಗೊಂದಲ ಭಾಷೇದಲ್ಲ, ಅಳಿಯಸಂತಾನದ್ದು. ಗುತ್ತಿನ ಮನೆ ಯಜಮಾನರ ನಂತರ ಹೋಗ್ತಿದ್ದಿದ್ದು ಮಗನಿಗಲ್ಲ, ತಾಯಿ ಕಡೆಯ ಕುಟುಂಬಕ್ಕೆ. ಅಪ್ಪನ ಹೆಸರು ಹಿಡ್ಕೊಂಡು ಹಿಂದಕ್ಕೆ ಹೋದ್ರೆ ಒಂದೇ ತಲೆಮಾರಲ್ಲಿ ದಾರಿ ತಪ್ಪತ್ತೆ, ಅಜ್ಜಿ, ಅಜ್ಜಿಯ ಅಮ್ಮ ಅಂತ ಹೋಗ್ಬೇಕು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ್ಮೇಲೆ ಕವರು ಕವರಾಗಿ (ಕವರು ಅಂದ್ರೆ ತಾಯಿ ಕಡೆಯಿಂದ ಬಂದ ಕುಟುಂಬದ ಕವಲು) ಪಾಲು ಆದ್ವು, ಎಷ್ಟೋ ಕಡೆ ದೈವದ ಚಾವಡಿ ಇರೋ ಭಾಗ ಮಾತ್ರ ಎಲ್ರಿಗೂ ಸೇರಿದ್ದು ಅಂತ ಪಾಲಾಗದೆ ಉಳೀತು, ಈಗ ರಿಪೇರಿಗೆ ಮುಂಬೈಯಿಂದ ಹಿಡ್ಕೊಂಡು ದುಬೈವರೆಗೆ ಇರೋರೆಲ್ಲ ಸೇರಿ ಒಪ್ಪಬೇಕು. ಮನೆ ಒಬ್ಬರದ್ದು, ಅಡಿ ಜಾಗ ಮೂಲಗೇಣಿ (ಕಾಯಂ ಗೇಣಿ) ಅಂತ ಇನ್ನೊಬ್ಬರದ್ದು ಅನ್ನೋ ಕಥೆಗಳು ಬೇರೆ.

ಹೆಂಚು ನೋಡಿ ಇಸವಿ ಹೇಳೋರೂ ಇದಾರೆ. ಮಂಗಳೂರು ಹೆಂಚಿನ ಹಿಂದೆ ಬಾಸೆಲ್ ಮಿಷನ್ 1865 ಅಂತ ಅಚ್ಚಿದ್ರೆ ಮನೆ 1865ರದ್ದು ಅಂತ ಬೋರ್ಡೇ ಬರೆಸ್ಬಿಡ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ ಸ್ವಾಮೀ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆಗಳು ಮಿಷನ್ ಕೈ ತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದ್ವು, ಹಾಗಾಗಿ ಕಾಮನ್‌ವೆಲ್ತ್ ಅಂತ ಅಚ್ಚಿರೋ ಹೆಂಚು ಯುದ್ಧ ಮುಗಿದ ಮೇಲಿನದ್ದು, ಇಷ್ಟು ಧೈರ್ಯವಾಗಿ ಹೇಳ್ಬಹುದು. ಅದೂ ಹೆಂಚಿನ ವಯಸ್ಸು, ಮನೇದಲ್ಲ.

ಇದೆಲ್ಲ ಬರೀ ಕುತೂಹಲಕ್ಕೆ ಅಲ್ಲ. ಮೈಸೂರು ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ 2011ರಲ್ಲಿ ಕೆಡವೋಕೆ ಶುರು ಮಾಡಿದಾಗ ಜನ ಗಲಾಟೆ ಮಾಡಿ ನಿಲ್ಲಿಸಿದ್ರು, ಆದ್ರೆ ಅದು ಖಾಸಗಿ ಸ್ವತ್ತು, ಎಷ್ಟೇ ಅಭಿಮಾನ ಇದ್ರೂ ಸರ್ಕಾರ ಹೋಗಿ ಇಟ್ಟಿಗೆ ಇಡೋಕಾಗಲ್ಲ, ಪಾಲಿಕೆ ದುಡ್ಡು ಕೊಟ್ಟು ಕೊಂಡ ಮೇಲೇ ರಿಪೇರಿ ಆಗಿ 2016ರಲ್ಲಿ ಮ್ಯೂಸಿಯಂ ಆಗಿದ್ದು.

ನಮ್ಮ ನಿಮ್ಮಂಥವರ ಮನೇಲಿ ಸಿಕ್ಕಿಹಾಕ್ಕೊಳ್ಳೋದು ಹೆಣ್ಮಕ್ಕಳ ಪಾಲಲ್ಲಿ. ಹಳೇ ಮೈಸೂರಲ್ಲಿ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಕಾನೂನು ಬಂದಿತ್ತು, ಕರ್ನಾಟಕ 1994ರಲ್ಲಿ ಅಷ್ಟೊತ್ತಿಗೆ ಮದುವೆ ಆಗದ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡ್ತು, 2005ರಲ್ಲಿ ಕೇಂದ್ರ ಎಲ್ಲ ಹೆಣ್ಮಕ್ಕಳಿಗೂ ಕೊಡ್ತು. ಖಾತೇಲಿ ಅಣ್ಣನ ಹೆಸರು ಒಂದೇ ಇರತ್ತೆ, ಅಣ್ಣ ಲಕ್ಷಗಟ್ಟಲೆ ಸುರಿದು ತೊಟ್ಟಿ ಕಂಬ ಎಲ್ಲ ಸರಿ ಮಾಡಿಸ್ತಾನೆ, ಫೋಟೋ ನೋಡಿದ ಮೇಲೆ ತಂಗಿಯರು "ನಮ್ಮದೂ ಇದೆಯಲ್ಲ" ಅಂತಾರೆ, ಅವರು ಹೇಳೋದ್ರಲ್ಲಿ ತಪ್ಪೂ ಇಲ್ಲ. ಖರ್ಚು ಮಾಡಿದ್ದಕ್ಕೆ ಅಣ್ಣನ ಪಾಲು ತಾನಾಗೇ ಜಾಸ್ತಿ ಆಗಲ್ಲ. ಅದಕ್ಕೇ ವಂಶವೃಕ್ಷ ಮಾಡಿಸಿ, ಎಲ್ರನ್ನೂ ಕೂರಿಸಿ, ಬಿಟ್ಕೊಡೋರಿದ್ರೆ ಹಕ್ಕು ಖುಲಾಸೆ ಪತ್ರ, ಇಲ್ಲಾಂದ್ರೆ ವಿಭಾಗ ಪತ್ರ, ಯಾವುದಾದ್ರೂ ರಿಜಿಸ್ಟರ್ ಮಾಡಿಸಿ ಆಮೇಲೆ ಬಡಗಿಗೆ ಅಡ್ವಾನ್ಸ್ ಕೊಡಿ.