‘ನೋವಾಗಿದ್ದರೆ’ ಎಂದು ಬರೆಯಬೇಡಿ

“ಕ್ಷಮಾಪಣೆ ಪತ್ರ ಬರೆದುಕೊಡಿ ಸಾರ್, ಆದರೆ ತಪ್ಪು ಒಪ್ಪಿಕೊಂಡ ಹಾಗೆ ಇರಬಾರದು.” ಮಡಿಕೇರಿಯಲ್ಲಿ ವಕೀಲಿಕೆ ಮಾಡುತ್ತ, ಗಡಿ, ದಾರಿ, ನೀರಿನ ಜಗಳಗಳಲ್ಲಿ ಮಧ್ಯಸ್ಥಿಕೆಗೆ ಕೂರುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಂಥ ಪತ್ರ ಬರೆಯಲು ಬರುವುದಿಲ್ಲ. ಬರೆದರೂ ಅದು ವಿಷಾದ, ಕ್ಷಮೆಯಲ್ಲ.

ಅಕಾಲ ಮಳೆಗೆ ನಿಮ್ಮ ಕಣದ ಕಾಫಿ ನೆನೆದರೆ ನಾನು ವಿಷಾದ ಪಡಬಹುದು. ಮಳೆ ಸುರಿಸಿದವನು ನಾನಲ್ಲ. ಆ ಕಾಫಿಯ ಮೇಲೆ ಜೀಪು ಹತ್ತಿಸಿದವನು ನಾನೇ ಆದರೆ, ಹತ್ತಿಸಿದೆ ಅಂತ ಹೇಳಲೇಬೇಕು.

ಸರ್ಕಾರಗಳೂ ಇದೇ ಸಂದಿಯಲ್ಲಿ ನುಸುಳುತ್ತವೆ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದ 2019ರ ಏಪ್ರಿಲ್‌ನಲ್ಲಿ ಬ್ರಿಟನ್ ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ತೀವ್ರ ವಿಷಾದ ಎಂದರು, ಅಷ್ಟಕ್ಕೇ ನಿಲ್ಲಿಸಿದರು. ಸೆಪ್ಟೆಂಬರ್‌ನಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ (ಇಂಗ್ಲೆಂಡ್ ಚರ್ಚಿನ ಅಂದಿನ ಹಿರಿಯ ಧರ್ಮಗುರು) ಅಮೃತಸರಕ್ಕೇ ಬಂದು, ಸರ್ಕಾರದ ಪರವಾಗಿ ತಾನು ಮಾತಾಡಲಾರೆ ಎಂದು ಹೇಳಿ, ಆ ನೆಲದ ಮೇಲೆ ಬೋರಲು ಮಲಗಿದರು. ಆಸ್ಟ್ರೇಲಿಯಾದಲ್ಲಿ ಹೆತ್ತವರಿಂದ ಕಿತ್ತುಕೊಂಡ ಮೂಲನಿವಾಸಿ ಮಕ್ಕಳ ವಿಷಯಕ್ಕೆ 1999ರಲ್ಲಿ ಸಂಸತ್ತು ವಿಷಾದವನ್ನಷ್ಟೇ ಅಂಗೀಕರಿಸಿತು. ‘ಸಾರಿ’ ಎಂಬ ಮಾತು ಪ್ರಧಾನಿ ಕೆವಿನ್ ರಡ್ ಬಾಯಿಂದ ಬಂದದ್ದು 2008ರ ಫೆಬ್ರವರಿ 13ರಂದು. ಆ ದಿನ ಪರಿಹಾರದ ಹಣ ಘೋಷಣೆಯಾಗಲಿಲ್ಲ. ಆದರೂ ಜನ ಅತ್ತರು.

ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯೇ ಕಾಡಿನ ಜನರಿಗೆ ಆದದ್ದು ‘ಐತಿಹಾಸಿಕ ಅನ್ಯಾಯ’ ಎಂದು ಬರೆದುಕೊಂಡಿದೆ. ಬ್ರಿಟಿಷರ ಕಾಲದ್ದು ಮಾತ್ರವಲ್ಲ, ಸ್ವತಂತ್ರ ಭಾರತದ್ದೂ ಎಂದು. ನಾಗರಹೊಳೆಯ ಕಾಡಿನಿಂದ ಎಬ್ಬಿಸಿದ ಜೇನುಕುರುಬರ ಹಾಡಿಗೆ ಹೋಗಿ ಆ ಸಾಲನ್ನು ಅವರೆದುರು ಓದಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ. ನನಗೆ ಇದು ಸಂಕಟದ ವಿಷಯ.

ಒಂದು ಎಚ್ಚರಿಕೆ: ಕ್ರಿಮಿನಲ್ ಕೇಸು ಬಾಕಿಯಿದ್ದರೆ ನಿಮ್ಮ ವಕೀಲರನ್ನು ಕೇಳದೆ ಏನನ್ನೂ ಬರೆದುಕೊಡಬೇಡಿ. ನಾನು ಹೇಳುತ್ತಿರುವುದು ಸಿವಿಲ್ ಜಗಳಗಳ ಮಾತು.

ವಿರಾಜಪೇಟೆ ಕಡೆಯ ಅಣ್ಣತಮ್ಮಂದಿರು. ತಮ್ಮನ ಗದ್ದೆಯ ದಾರಿಗೆ ಅಣ್ಣ ಬೇಲಿ ಹಾಕಿ, ಎರಡು ಮಳೆಗಾಲ ನಾಟಿ ಆಗಲಿಲ್ಲ. ಅಣ್ಣ ದಾರಿ ಬಿಡಲು ಸಿದ್ಧ, ದುಡ್ಡು ಕೊಡಲೂ ಸಿದ್ಧ. ಆದರೆ ‘ತಮ್ಮನಿಗೆ ನೋವಾಗಿದ್ದರೆ’ ಎಂಬುದನ್ನು ಬಿಡಲೊಲ್ಲ. ತಮ್ಮ ಮೂರು ಸಲ ಕಾಗದ ವಾಪಸ್ ತಳ್ಳಿದ. ಕೊನೆಗೆ ಅಣ್ಣ ನನ್ನ ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದುಹಾಕಿದ. ಕೆಳಗೆ ಬರೆದ: ‘ಬೇಲಿ ಹಾಕಿದ್ದು ನಾನು. ಗದ್ದೆ ಪಾಳು ಬಿದ್ದದ್ದು ನನ್ನಿಂದ.’

ತಮ್ಮ ಎರಡು ಸಲ ಓದಿದ. ಪರಿಹಾರದ ಮೊತ್ತಕ್ಕೆ ಬಿಟ್ಟ ಜಾಗ ಇನ್ನೂ ಖಾಲಿಯಿತ್ತು. ಅದರ ಚೌಕಾಸಿ ಸಂಜೆಯವರೆಗೂ ನಡೆಯಿತು, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು.